ಈರುಳ್ಳಿಯಿಲ್ಲದ ಜ್ವರ

ಸುಣ್ಣದ ನೀರಿನಲ್ಲಿ ಅದ್ದಿದ ಹುರಿಯನ್ನು ನೆಲದ ಮೇಲೆ ಬಿಗಿಯಾಗಿ ಎಳೆದು ಹಿಡಿದು ನಡುವೆ ಒಮ್ಮೆ ಮೀಟಿದರೆ ನೆಟ್ಟಗೆ ಗೆರೆ ಬೀಳುತ್ತದೆ ಎಂಬುದು ಸದಾಶಿವಪ್ಪನಿಗೆ ಗೊತ್ತಿತ್ತು. ಹುರಿಯ ಇನ್ನೊಂದು ತುದಿ ಹಿಡಿಯಲು ಇನ್ನೊಬ್ಬರು ಬೇಕು ಎಂಬುದು ಮಾತ್ರ, ಶಾಲೆಯ ಬೀಗ ತೆಗೆದು, ಪಂಚೆ ಎತ್ತಿ ಕಟ್ಟಿ, ಕುಕ್ಕುರುಗಾಲಿನಲ್ಲಿ ಕೂತ ಮೇಲೆ ಹೊಳೆಯಿತು. ಭಾನುವಾರ ಬೆಳಿಗ್ಗೆ ಶಾಗ್ಯದಲ್ಲಿ ಯಾರನ್ನು ಕರೆಯುವುದು? ಕರೆದರೆ ಬರುವವರೇನೋ ಇದ್ದರು, ಕರೆಯಲು ಮೇಷ್ಟರಾದ ಅವನಿಗೇ ಬಾಯಿ ಬರುತ್ತಿರಲಿಲ್ಲ. ಆ ತುದಿಗೆ ಒಂದು ಗುಂಡುಕಲ್ಲು ಹೇರಿ ಈ ತುದಿಯನ್ನು ತಾನು ಹಿಡಿದು ಮೀಟಿದ. ಕಲ್ಲು ಜರುಗಿ ಗೆರೆ ಕಳ್ಳೆತ್ತು ಎಳೆದ ಸಾಲಿನ ಹಾಗೆ ಸೊಟ್ಟಗೆ ಬಿತ್ತು. ಅಳಿಸಲು ಹೋದರೆ ಸಗಣಿ ಸಾರಿಸಿದ ನೆಲವೇ ಕಿತ್ತು ಬರುತ್ತಿತ್ತು. ಇರಲಿ ಬಿಡು ಎಂದುಕೊಂಡ. ನಾಳೆ ಶಾಲೆ ತೆರೆಯಬೇಕು. ಒಂದು ಚೌಕಕ್ಕೆ ಒಂದು ಮಗು, ಕೈ ಚಾಚಿದರೂ ಒಬ್ಬರಿಗೊಬ್ಬರು ತಾಗಬಾರದು, ಚೌಕದಲ್ಲಿ ಹಿಡಿಸದ ದೊಡ್ಡ ಮಕ್ಕಳಿಗೆ ಹೊರಗೆ ಹೊಂಗೆಮರದ ನೆರಳು, ಕುಡಿಯುವ ನೀರಿನ ಚೊಂಬು ಅವರವರ ಮನೆಯಿಂದ, ಕೂರುವ ಗೋಣಿ ಅವರವರದು. ಇಷ್ಟನ್ನು ಅವನು ವಾರದಿಂದ ಮನಸ್ಸಿನಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದ. ಸುತ್ತುಜ್ವರ ಊರು ಬಿಟ್ಟು ಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಮಕ್ಕಳನ್ನು ಕಳಿಸುತ್ತೇವೆ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಬಗ್ಗಿ ಬಗ್ಗಿ ಅವನ ತಲೆ ಸಿಡಿಯುತ್ತಿತ್ತು. ಬಗ್ಗಿದ್ದರಿಂದಲೇ ಇರಬೇಕು ಎಂದು ಎದ್ದು ನಿಂತ. ನಿಂತರೂ ಸಿಡಿಯಿತು.

ಪೇಪರಿನವರು ಇನ್‌ಫ್ಲುಯೆಂಜಾ ಎಂದು ಬರೆದ ಆ ಕಾಯಿಲೆಗೆ ಸುತ್ತುಜ್ವರ ಎಂದು ಹೆಸರಿಟ್ಟದ್ದು ಶಾಗ್ಯದವರೇ, ಮನೆಯಿಂದ ಮನೆಗೆ ಓಲಗದವರಂತೆ ಸುತ್ತಿ ಬಂತಲ್ಲ, ಅದಕ್ಕೆ. ಮದ್ರಾಸಿನ ಬಂದರಿನಲ್ಲಿ ಹಡಗಿನಿಂದ ಇಳಿಯಿತಂತೆ. ಕೊಳ್ಳೇಗಾಲದ ಸೀಮೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. "ನಾವ್ ಬುಟ್ರೂ ಆ ಮದ್ರಾಸು ನಮ್ಮನ್ ಬುಡ್ನಿಲ್ವಲ್ಲ ಕಣ್ರಿ" ಎಂದು ಎದುರುಮನೆಯ ಮಾದಣ್ಣ ನಕ್ಕಿದ್ದ, ನಕ್ಕ ಮೂರನೆಯ ದಿನಕ್ಕೆ ತಾನೇ ಕಂಬಳಿ ಹೊದ್ದು ಮಲಗಿದ್ದ. ಸದಾಶಿವಪ್ಪನ ಹೆಂಡತಿ ಚನ್ನಮಲ್ಲಮ್ಮ ಹಳೆಯ ಮೈಸೂರು ಸೀಮೆಯ ಯಳಂದೂರಿನವಳು, ಮದುವೆಯಾದಂದಿನಿಂದ ಕೊಳ್ಳೇಗಾಲದ ಗಂಡನನ್ನು ಮದ್ರಾಸಿನವರು, ಮದ್ರಾಸಿನವರು ಎಂದೇ ಆಡಿಕೊಂಡವಳು. ರಾಜ್ಯಗಳು ಒಂದಾದ ಮೇಲೂ ಅವಳಿಗೆ ಆ ಚಾಳಿ ಬಿಟ್ಟಿರಲಿಲ್ಲ. ಅವಳಿಗೂ ಜ್ವರ ಬಂದು ಹೋಯಿತು. ಊರಿನಲ್ಲಿ ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಆದರೆ ಒಂದೊಂದು ಮನೆಯಲ್ಲಿ ನೀರು ಕೊಡುವವರೂ ಇಲ್ಲದೆ ಎಲ್ಲರೂ ಸಾಲಾಗಿ ಮಲಗಿದ ಆ ದಿನಗಳನ್ನು ಊರು ಮರೆತಿರಲಿಲ್ಲ, ಅದು ಶುರುವಾದದ್ದು ಶಾಲೆಯಿಂದ ಎಂಬುದನ್ನೂ ಮರೆತಿರಲಿಲ್ಲ. ಯಾರೂ ಮೇಷ್ಟರ ಮುಖಕ್ಕೆ ಹಾಗೆ ಅಂದಿರಲಿಲ್ಲ. ಅನ್ನದೆ ಇದ್ದದ್ದೇ ಅವನಿಗೆ ಕಷ್ಟವಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಕಳ್ಳ ಎಂದು ಯಾರೂ ಕೂಗುವ ಮುಂಚೆಯೇ ಸದಾಶಿವಪ್ಪನ ಕೈ ದಿನಕ್ಕೆ ಹತ್ತು ಸಲ ಹೆಗಲಿಗೆ ಹೋಗುತ್ತಿತ್ತು.

ಕಿಟಕಿಯ ಪಕ್ಕದ ಚೌಕದ ಗೆರೆ ಎಳೆಯುವಾಗ ಅವನ ಕೈ ನಿಂತಿತು. ಅದು ಪುಟ್ಟಸಿದ್ದಯ್ಯನ ಜಾಗ. ಬೇರೆ ಮಕ್ಕಳು ಯಾವ ಚೌಕದಲ್ಲಾದರೂ ಕೂರಲಿ, ಇವನು ಇಲ್ಲೇ ಎಂದು ಸದಾಶಿವಪ್ಪ ಯಾಕೋ ನಿಶ್ಚಯಿಸಿಬಿಟ್ಟಿದ್ದ. ಜ್ವರ ಶಾಲೆಗೆ ಕಾಲಿಟ್ಟ ಆ ದಿನ ಹನೂರಿನ ಸಂತೆ. ಸಂತೆಯ ದಿನ ಶಾಗ್ಯದ ಹುಡುಗರಿಗೆ ಜ್ವರ ಬರುವುದು ಹೊಸದಲ್ಲ. ಬೆಳಿಗ್ಗೆ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಕೂತರೆ ಮೈ ಬೆಚ್ಚಗಾಗುತ್ತದೆ, ಅಪ್ಪನೋ ಅವ್ವನೋ ಮುಟ್ಟಿ ನೋಡಿ ಸ್ಕೂಲಿಗೆ ಬೇಡ ಎನ್ನುತ್ತಾರೆ, ಆಮೇಲೆ ಗಾಡಿಯ ಹಿಂದೆ ಹತ್ತಿ ಸಂತೆಗೆ ಹೋಗಬಹುದು. ಈ ವಿದ್ಯೆ ಸದಾಶಿವಪ್ಪನಿಗೆ ಮಕ್ಕಳಿಂದ ತಿಳಿದದ್ದಲ್ಲ. ಕೊಳ್ಳೇಗಾಲದಲ್ಲಿ ಮಗ್ಗದ ಸದ್ದಿನ ಬೀದಿಯಲ್ಲಿ ಅವನೂ ಒಂದು ಕಾಲಕ್ಕೆ ಕಂಕುಳಲ್ಲಿ ಈರುಳ್ಳಿ ಇಟ್ಟವನೇ. ಅಜ್ಜಿ ಹಣೆ ಮುಟ್ಟಿ, ಅಯ್ಯೋ ಕಂದ ಎಂದು ಮಡಿಲಿಗೆ ಎಳೆದುಕೊಂಡು, ಮೆಣಸಿನ ಸಾರು ಕಾಯಿಸಿ ಊದಿ ಊದಿ ಕುಡಿಸಿದ್ದಳು. ಮೈಯೆಲ್ಲ ಈರುಳ್ಳಿ ನಾರುತ್ತಿದ್ದರೂ ಅವಳ ಮೂಗಿಗೆ ಬಡಿಯಲಿಲ್ಲವೆ? ಬಡಿದಿರಬೇಕು. ತಾನು ಕಳ್ಳ, ಪರರ ನಂಬ. ಆ ಸಂತೆಯ ದಿನ ಪುಟ್ಟಸಿದ್ದಯ್ಯ ಎದ್ದು ನಿಂತು, "ಸಾ, ಜ್ವರ ಸಾ, ಮನೇಗ್ ಓಯ್ತೀನಿ" ಎಂದಾಗ ಮೇಷ್ಟರು ಹತ್ತಿರ ಕರೆದು ಎಲ್ಲರ ಮುಂದೆ ಅವನ ತೋಳು ಹಿಡಿದು ಮೇಲಕ್ಕೆತ್ತಿದರು. ಅಂಗಿಯ ಕಂಕುಳು ಹರಿದಿತ್ತು. ತೂತಿನಿಂದ ಪಕ್ಕೆ ಕಾಣಿಸಿತು. "ಎಲ್ಲೋ ಈರುಳ್ಳಿ?" ಎಂದರು. ತರಗತಿ ಗೊಳ್ಳೆಂದಿತು.

ಈರುಳ್ಳಿ ಇರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ, ಹೋಗಪ್ಪ ಮಲಗು ಎಂದಿದ್ದರೆ, ಅಷ್ಟೇ ಆಗುತ್ತಿತ್ತು. ಕೈಗೆ ತಾಗಿದ ಮೈ ಕಾದ ಓಡಿನಂತೆ ಇದ್ದದ್ದು ಸದಾಶಿವಪ್ಪನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಮಕ್ಕಳು ಇನ್ನೂ ನಗುತ್ತಿದ್ದವು, ನಗು ಹುಡುಗನಿಂದ ಸರಿದು ಮೇಷ್ಟರ ಕಡೆಗೆ ತಿರುಗುವ ಹಾಗೆ ತೋರಿತು, ಈರುಳ್ಳಿ ಸಿಗದ ಮೇಷ್ಟರು ಏನು ಮಾಡುತ್ತಾರೆ ಎಂದು ಮುಂದಿನ ಸಾಲು ಕಣ್ಣರಳಿಸಿ ಕಾದಿತ್ತು. "ಹದಿಮೂರರ ಮಗ್ಗಿ ಹೇಳು, ಆಮೇಲೆ ಹೋಗುವೆಯಂತೆ" ಎಂದುಬಿಟ್ಟ. ಹುಡುಗ ಹೇಳಿದ. ತೇಲುಗಣ್ಣಾಗಿ ಒಂದೊಂದೇ ಮೆಟ್ಟಿಲು ಹತ್ತುವವನ ಹಾಗೆ ಹೇಳಿದ. ಹದಿಮೂರೆಂಟ್ಲ ಎಂಬಲ್ಲಿ ನಿಂತುಬಿಟ್ಟ. ಬೆತ್ತ ಅಂಗೈಗೆ ಬಿತ್ತು. ಹುಡುಗ ಅಳಲಿಲ್ಲ, ಹೋಗಿ ತನ್ನ ಜಾಗದಲ್ಲಿ ಕೂತು, ಮಧ್ಯಾಹ್ನದವರೆಗೆ ಪಕ್ಕದವನ ಹೆಗಲಿಗೆ ತಲೆ ಆನಿಸಿಕೊಂಡಿದ್ದ. ಆ ಹೆಗಲು ಎರಡು ದಿನಕ್ಕೆ ಮಲಗಿತು, ಆಮೇಲೆ ಇಡೀ ಸಾಲು ಮಲಗಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಶಾಲೆಗೆ ಬೀಗ ಬಿತ್ತು. ಈಗ ಚೌಕ ಬರೆಯುತ್ತಿರುವುದು ಯಾರ ಉದ್ಧಾರಕ್ಕೆ? ಸದಾಶಿವಪ್ಪ ಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡ. ಹುಡುಗನಿಗೆ ಜ್ವರ ಬಿಟ್ಟು ತಿಂಗಳ ಮೇಲಾಗಿತ್ತು. ಬೀದಿಯಲ್ಲಿ ಎಲ್ಲ ಮಕ್ಕಳೂ ಗೋಲಿ ಆಡುತ್ತಿದ್ದವು, ಮೇಷ್ಟರನ್ನು ಕಂಡರೆ ಕೈಮುಗಿಯುತ್ತಿದ್ದವು. ಪುಟ್ಟಸಿದ್ದಯ್ಯ ಒಬ್ಬ ಮಾತ್ರ ಬೀದಿಗೇ ಬರುತ್ತಿರಲಿಲ್ಲ. ಅವನು ಇನ್ನು ಸ್ಕೂಲಿಗೆ ಬರೋದಿಲ್ಲವಂತೆ, ಅಜ್ಜಿಯ ಜೊತೆ ರೇಷ್ಮೆಹುಳ ಸಾಕುತ್ತಾನಂತೆ ಎಂದು ಚನ್ನಮಲ್ಲಮ್ಮ ಬಾವಿಕಟ್ಟೆಯಿಂದ ಸುದ್ದಿ ತಂದಿದ್ದಳು.

ಹೊತ್ತೇರಿದ ಮೇಲೆ ಮಾದಣ್ಣ ಮತ್ತು ಇನ್ನು ಕೆಲವರು ಶಾಲೆಯ ಜಗಲಿಗೆ ಬಂದು ಕೂತರು. ಕೂತರು ಎಂದರೆ, ಗೆರೆ ನೋಡಲು ಬಂದರು. ಮಾದಣ್ಣ ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿ, "ಇದೇನ್ ಸಾ, ಬಾರಾಘಟ್ಟ ಆಡೋ ಮನೆ ಬರ್ದಂಗ್ ಬರ್ದಿದ್ದೀರಿ" ಎಂದ. ಸದಾಶಿವಪ್ಪ ವಿವರಿಸಿದ. ಕೊನೆಗೆ ಸ್ಲೇಟಿನ ವಿಷಯಕ್ಕೆ ಬಂದ. ಮಕ್ಕಳು ಉಗುಳು ಹಚ್ಚಿ ಸ್ಲೇಟು ಒರೆಸಬಾರದು, ಅದರಿಂದಲೂ ಕಾಯಿಲೆ ಹರಡುತ್ತದೆ, ಒದ್ದೆಬಟ್ಟೆ ತರಬೇಕು ಎಂದ.

"ಉಗುಳಿಲ್ದೆ ಸ್ಲೇಟ್ ಒರಸೋದಾ?" ಮಾದಣ್ಣನಿಗೆ ಇದು ಎಲ್ಲಕ್ಕಿಂತ ದೊಡ್ಡ ಮಾತಾಗಿ ಕಂಡಿತು. "ನಾನ್ ಓದಿದ್ದೇ ಅರ್ಧ ಉಗುಳ್ನಾಗೆ ಕಣ್ರಿ ಸಾ."

"ಅದ್ಕೇ ಒರ್ಸ್ಕೊಂಡ್ ಓಯ್ತು" ಎಂದು ಪಕ್ಕದಲ್ಲಿದ್ದ ಹನುಮಯ್ಯ ಎಂದ. ಎಲ್ಲರೂ ನಕ್ಕರು. ಸದಾಶಿವಪ್ಪನೂ ನಕ್ಕ, ನಕ್ಕಾಗ ತಲೆಯೊಳಗೆ ಯಾರೋ ಒನಕೆ ಎತ್ತಿ ಹಾಕಿದಂತಾಯಿತು. ಈ ಜನರನ್ನು ಕಂಡರೆ ಅವನಿಗೆ ಪ್ರೀತಿ. ಬಂದ ಹೊಸತರಲ್ಲಿ ಅಕ್ಕಿ ಇಲ್ಲದ ಮನೆಯವರೂ ಮೇಷ್ಟರಿಗೆ ಎಂದು ಅವರೆಕಾಯಿ ತಂದು ಜಗಲಿಯ ಮೇಲೆ ಸುರಿದು, ನಿಂತು ಮಾತಾಡಲೂ ನಾಚಿ, ಹೋಗಿಬಿಡುತ್ತಿದ್ದರು. ಹಾಗಾದರೆ ನಾಳೆ ಕಳಿಸುತ್ತೀರಲ್ಲ ಎಂದು ಕೇಳಿದ. ನಗು ನಿಂತಿತು. ಹನುಮಯ್ಯ ಹೊಂಗೆಮರ ನೋಡಿದ. ಮಾದಣ್ಣ ಎಲೆಯಡಿಕೆಯ ಚೀಲ ಬಿಚ್ಚಿ, ಒಳಗೆ ಏನೋ ಕಳೆದುಹೋದವನಂತೆ ಹುಡುಕಿದ. "ಕಳುಸ್ದೆ ಇರ್ತೀವಾ ಸಾ? ಕಳುಸ್ತೀವಿ. ಯಾರಾರ ಮೊದ್ಲು ಒಂದ್ ಮಗ ಕಳುಸ್ಲಿ, ಹಿಂದ್ಗುಟ್ಟೆ ನಾವೂ..." ಎಂದು ಮುಗಿಸದೆ ನಿಲ್ಲಿಸಿದ. ಆಮೇಲೆ ದನಿ ತಗ್ಗಿಸಿ, ಸಲಹೆಯಂತೆ, "ಕೆಂಪಾಜಮ್ಮನ ಮೊಮ್ಮಗನ್ನ ಕರ್ಕಬನ್ನಿ ಸಾ. ಅವ್ನ್ ಬಂದ್ರೆ ಎಲ್ರೂ ಬತ್ತಾರೆ" ಎಂದ. ಪುಟ್ಟಸಿದ್ದಯ್ಯನಿಗೆ ಬಿದ್ದ ಪೆಟ್ಟು ಊರಿಗೆಲ್ಲ ಗೊತ್ತಿದೆ ಎಂದಾಯಿತು. ಸದಾಶಿವಪ್ಪ ಆಯಿತು ಎಂದು ತಲೆಯಾಡಿಸಿ, ಬೀಗ ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದ.

ಕೆಂಪಾಜಮ್ಮನ ಮನೆ ಊರಿನ ಕೊನೆಯಲ್ಲಿ, ಹಿಪ್ಪುನೇರಳೆ ಹೊಲಕ್ಕೆ ಅಂಟಿಕೊಂಡಂತೆ ಇತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅವನು ಜೋಡಿಸಿಕೊಂಡ. ನನ್ನಿಂದ ತಪ್ಪಾಯಿತು ಕೆಂಪಾಜಮ್ಮ. ಬೇಡ, ಮೇಷ್ಟರು ಹಾಗೆಲ್ಲ ಹೇಳಿದರೆ ನಾಳೆ ಯಾವ ಮಗು ಮಾತು ಕೇಳುತ್ತದೆ? ಹುಡುಗನಿಗೆ ನಿಜವಾಗಿಯೂ ಜ್ವರವಿತ್ತೆಂದು ನನಗೆ ತಿಳಿಯಲಿಲ್ಲ. ಅದು ಸುಳ್ಳು, ಕೈಗೆ ತಿಳಿದಿತ್ತು. ಬಿಸಿಲು ಅಷ್ಟೇನೂ ಇರಲಿಲ್ಲ, ಆದರೂ ಕಣ್ಣಿಗೆ ಚುಚ್ಚುತ್ತಿತ್ತು. ಮನೆಯ ಮುಂದೆ ಬೇವಿನಸೊಪ್ಪು ಕಟ್ಟಿತ್ತು. ಬಾಗಿಲ ಬಳಿ ನೀರಿನ ಕೊಡ, ಪಕ್ಕದಲ್ಲಿ ಬೂದಿ. ಅವನು ಕಾಲು ತೊಳೆದು ಹೆಜ್ಜೆ ಎತ್ತಿದ.

"ಅಲ್ಲೇ ನಿಂತ್ಕಳಿ ಸಾ" ಎಂದಳು ಕೆಂಪಾಜಮ್ಮ ಒಳಗಿನಿಂದ. ಆಮೇಲೆ ಬಾಗಿಲಿಗೆ ಬಂದಳು. ಗಟ್ಟಿ ಮುದುಕಿ, ಬೊಚ್ಚುಬಾಯಿ, ಸೊಪ್ಪಿನ ಹಾಲು ಅಂಟಿ ಕಪ್ಪಾದ ಬೆರಳು. "ಕಾಲ್ ತೊಳ್ಕಂಡ್ರೂ ಉಳಿನ್ ಮನೆ ಒಳಿಕ್ ಹೊರ್ಗಡೇರ್ನ ಬುಡಕಿಲ್ಲ. ತೆಪ್ ತಿಳ್ಕಬ್ಯಾಡಿ. ನಾಕ್ನೇ ಜ್ವರಕ್ ಕುಂತವೆ."

ರೇಷ್ಮೆಹುಳ ಪೊರೆ ಬಿಡುವ ಮುಂಚೆ ಮೇವು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲಕ್ಕೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಈ ಸೀಮೆಯವರು ಅದನ್ನು ಜ್ವರ ಎನ್ನುತ್ತಾರೆ. ಬದುಕಿನಲ್ಲಿ ನಾಲ್ಕು ಸಲ ಅದಕ್ಕೆ ಜ್ವರ. ಆಗ ಯಾರೂ ಮುಟ್ಟಬಾರದು, ಸೊಪ್ಪು ಹಾಕಬಾರದು, ತಟ್ಟೆಯಲ್ಲಿರುವ ಕೊನೆಯ ಹುಳವೂ ಎದ್ದ ಮೇಲೇ ಮತ್ತೆ ಮೇವು. ಗೋಣಿಯ ಪರದೆ ಸ್ವಲ್ಪ ಸರಿದಿತ್ತು. ಒಳಗೆ ಕತ್ತಲಲ್ಲಿ ತಟ್ಟೆಗಳು, ಅವುಗಳ ನಡುವೆ ಎರಡು ಕಾಲು, ಮೊಣಕಾಲಿನ ಮೇಲೆ ಒಣಗಿದ ಗಾಯ. ಹುಡುಗ ಅಲ್ಲೇ ಇದ್ದ. ಸದಾಶಿವಪ್ಪ ಆ ಕಾಲುಗಳಿಗೆ ಕೇಳುವಂತೆ ಗಟ್ಟಿಯಾಗಿ, ನಾಳೆ ಶಾಲೆ ತೆರೆಯುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಚೌಕ, ಕಿಟಕಿಯ ಗಾಳಿ, ಬೇರೆ ಬೇರೆ ಚೊಂಬು ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ, ಬೇವಿನಸೊಪ್ಪನ್ನೂ ಬೂದಿಯನ್ನೂ ಕಾಲು ತೊಳೆಯುವ ನೀರನ್ನೂ ಮತ್ತೆ ನೋಡಿ, ನಾನು ಮಕ್ಕಳಿಗೆ ಮಾಡಿದ್ದೂ ಹುಳದ ಮನೆಯನ್ನೇ ಅಲ್ಲವೆ ಅನ್ನಿಸಿ ಒಳಗೊಳಗೇ ನಗು ಬಂತು.

"ಎಲ್ಲ ಸರಿ ಸಾ" ಎಂದಳು ಕೆಂಪಾಜಮ್ಮ. "ಅಲ್ಲಿ ಕುಂತ ಮಗಿಗೆ ಮತ್ತೆ ಜ್ವರ ಬಂದ್ರೆ?"

"ಮನೆಗೆ ಕಳಿಸುತ್ತೇನೆ."

"ಬಂದದೆ ಅಂತ ಯೆಂಗ್ ಗೊತ್ತಾಯ್ತದೆ?"

"ಮಗು ಹೇಳುತ್ತಲ್ಲ."

ಮುದುಕಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಗುಳದಲ್ಲಿ ಶಾಗ್ಯದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ, ಟಪಾಲಿನ ಚೀಲದಲ್ಲಿ ಜ್ವರ ತಂದ ಎಂದು ಹನೂರಿನ ಟಪಾಲಿನವನನ್ನೇ ಊರ ಬಾಗಿಲಲ್ಲಿ ತಡೆದು ಬೈದವಳು. ಈಗ ಮೆಲ್ಲಗೆ ಹೇಳಿದಳು. "ಉಳ ಬಾಯ್ ಬುಟ್ಟು ಯೋಳ್ತದಾ ಸಾ? ತಲೆ ಎತ್ಕಂಡ್ ಕುಂತ್ರೆ ಸಾಕು, ಜ್ವರ ಅಂತ ನಂಬ್ತೀವಿ. ಈ ಮಗ ಬಾಯ್ ಬುಟ್ಟು ಯೋಳ್ತು." ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, "ಬರೋದು ಬುಡೋದು ಅವುಂದು. ನಾನ್ ಎಳ್ದು ಕಳ್ಸಕಿಲ್ಲ" ಎಂದಳು.

ಈಗ ಹೇಳಬೇಕು, ಇದೇ ಹೊತ್ತು, ಎಂದು ಸದಾಶಿವಪ್ಪನಿಗೆ ಗೊತ್ತಿತ್ತು. ಪರದೆಯ ಹಿಂದೆ ಕಾಲುಗಳು ಒಂದರ ಮೇಲೊಂದು ಏರಿದವು, ಚಳಿಯಾದವರಂತೆ. ಅಷ್ಟು ಸಣ್ಣ ಕಾಲುಗಳು. ಹತ್ತಿರ ಹೋಗಿ ಹಿಡಿದುಕೊಳ್ಳಬೇಕು ಎನ್ನಿಸುವಷ್ಟು ಅವನಿಗೆ ಅವುಗಳ ಮೇಲೆ ಅಕ್ಕರೆ ಬಂತು. ಆದರೆ ಬಾಯಿಂದ ಹೊರಟದ್ದು ಇಷ್ಟೆ. "ಪುಟ್ಟಸಿದ್ದಯ್ಯ, ನಾಳೆ ಸ್ಲೇಟು ಒರೆಸಲು ಒದ್ದೆಬಟ್ಟೆ ತರಬೇಕು, ಮರೆಯಬೇಡ." ಹೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವ ಹಾಗಾಯಿತು. ಹುಳಗಳೂ ತಿನ್ನುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಕೆಂಪಾಜಮ್ಮ ಪರದೆ ಎಳೆದಳು.

ಮನೆಗೆ ಬಂದಾಗ ಚನ್ನಮಲ್ಲಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮುಖ ನೋಡಿದವಳೇ ಜರಡಿ ಕೆಳಗಿಟ್ಟಳು. "ಏನು ಮದ್ರಾಸಿನವ್ರೇ, ಕಣ್ಣು ಹಿಂಗದೆ?" ಎಂದಳು. ಸುಣ್ಣದ ಘಾಟು ಎಂದ. ತಟ್ಟೆಯ ಮುಂದೆ ಕೂತವನು ಮುದ್ದೆ ಮುರಿಯದಿದ್ದಾಗ, ಊಟ ಯಾಕೆ ಸೇರುವುದಿಲ್ಲ ಎಂದಳು. ಮಾದಣ್ಣನ ಮನೆಯಲ್ಲಿ ಕಡಲೆಕಾಯಿ ತಿಂದೆ ಎಂದ. ಅವಳು ಕೈ ಚಾಚಿದಾಗ ಹಣೆ ಸಿಗದಂತೆ ಎದ್ದು, ಮೂಲೆಯಲ್ಲಿದ್ದ ಕೊಡೆಯನ್ನು ಸುಮ್ಮನೆ ಬಿಚ್ಚಿ ಮಡಿಸಿದ. ಈರುಳ್ಳಿಯಿಟ್ಟು ಜ್ವರ ತರಿಸಿಕೊಂಡವನು ಈಗ ಜ್ವರವನ್ನು ಬಚ್ಚಿಡಲು ಓಡಾಡುತ್ತಿದ್ದಾನೆ ಎಂದು ಅವನಿಗೇ ಅನ್ನಿಸಿತು. ಜ್ವರ ಎಂದು ಅವನು ಆ ಹೊತ್ತಿನವರೆಗೂ ಒಪ್ಪಿಕೊಂಡಿರಲಿಲ್ಲ. ತಲೆ ಭಾರ, ಸುಣ್ಣ, ಬಿಸಿಲು, ನಿದ್ದೆಗೆಟ್ಟದ್ದು. ನಾಳೆ ಬಾಗಿಲಲ್ಲಿ ಮೇಷ್ಟರೇ ಇಲ್ಲದಿದ್ದರೆ ಯಾವ ತಾಯಿ ಮಗುವನ್ನು ಒಳಗೆ ಬಿಟ್ಟಾಳು? ನಾಳೆ ತೆರೆಯದಿದ್ದರೆ ಇನ್ನು ದೀಪಾವಳಿಯವರೆಗೂ ಮುಚ್ಚಿದ ಹಾಗೆಯೇ, ಅಷ್ಟರಲ್ಲಿ ಅರ್ಧ ಮಕ್ಕಳು ದನದ ಹಿಂದೆ, ಅರ್ಧ ಸೊಪ್ಪಿನ ಹೊಲದಲ್ಲಿ. ಚನ್ನಮಲ್ಲಮ್ಮ ಒಳಗೆ ಹೋಗಿ ಮೆಣಸು ಕುಟ್ಟುವ ಸದ್ದು ಕೇಳಿಸಿತು. ಕೇಳದೆಯೇ ಸಾರು ಕಾಯಿಸಿ ತಂದು ಮುಂದೆ ಇಟ್ಟಳು. ಊದಿ ಕುಡಿಯಿರಿ ಎಂದಷ್ಟೇ ಹೇಳಿದಳು. ಅವನು ತಲೆ ಬಗ್ಗಿಸಿ ಕುಡಿದ.

ಬೆಳಿಗ್ಗೆ ಅವಳು ಇನ್ನೂ ಹಿತ್ತಲ ಕಡೆ ಇರುವಾಗಲೇ ಅಂಗಿ ಹಾಕಿಕೊಂಡು ಹೊರಟುಬಿಟ್ಟ. ಮೈ ಹಗುರಾಗಿತ್ತು, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎನ್ನುವಷ್ಟು. ಇಳಿಯಿತು ಎಂದುಕೊಂಡ. ಶಾಲೆಯ ಕಿಟಕಿಗಳನ್ನೆಲ್ಲ ತೆರೆದ. ಸೊಟ್ಟ ಚೌಕಗಳು ಬೆಳಕಿನಲ್ಲಿ ಚೆನ್ನಾಗಿಯೇ ಕಂಡವು. ಹೊಸ್ತಿಲ ಹೊರಗೆ ನೀರು ತುಂಬಿದ ಕೊಡ ಇಟ್ಟು, ತಾನು ಜಗಲಿಯ ಮೇಲೆ ನಿಂತ. ರಸ್ತೆಯ ಆಚೆ ಹುಣಸೆಮರದಡಿ ಆಗಲೇ ಜನ ಸೇರಿದ್ದರು. ತಾಯಂದಿರು, ತಂದೆಯರು, ಅವರ ಕಾಲಿಗೆ ತೊಡರಿಕೊಂಡು ಗೋಣಿ, ಚೊಂಬು, ಸ್ಲೇಟು ಹಿಡಿದ ಮಕ್ಕಳು. ಎಲ್ಲ ತಯಾರಾಗಿ ಬಂದಿದ್ದರು, ಯಾರೂ ರಸ್ತೆ ದಾಟುತ್ತಿರಲಿಲ್ಲ. ಮಾದಣ್ಣ ಅಲ್ಲಿಂದಲೇ ಕೈಯೆತ್ತಿ ನಮಸ್ಕಾರ ಮಾಡಿದ. ಸದಾಶಿವಪ್ಪನೂ ಮಾಡಿದ. ಮದುವೆಮನೆಯಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಮೊದಲು ಯಾರು ಮಾತಾಡಬೇಕೆಂದು ಬಿಗಿದುಕೊಂಡು ಕೂತ ಹಾಗಿತ್ತು. ನಡುವೆ ಒಂದು ನಾಯಿ ಮಾತ್ರ ಸಂಕೋಚವಿಲ್ಲದೆ ರಸ್ತೆ ದಾಟಿ ಬಂದು ಕೊಡದ ನೀರಿಗೆ ಮೂಗು ಹಾಕಿತು. ಅದನ್ನು ಅಟ್ಟಿದ.

ಆಗ ಗುಂಪು ಸರಿಯಿತು. ಕೆಂಪಾಜಮ್ಮ ಬಂದಿದ್ದಳು, ಅವಳ ಮುಂದೆ ಪುಟ್ಟಸಿದ್ದಯ್ಯ. ಅಂಗಿಯ ಕಂಕುಳಿಗೆ ಬೇರೆ ಬಣ್ಣದ ಬಟ್ಟೆಯ ತೇಪೆ ಹಾಕಿತ್ತು. "ಓಗ್ಲಾ, ಕಾಲ್ ತೊಳ್ಕಂಡ್ ಓಗು" ಎಂದಳು ಮುದುಕಿ. ಅವಳು ಎಳೆದು ತಂದಳೋ, ಹುಡುಗ ತಾನೇ ಹೊರಟನೋ, ಸದಾಶಿವಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ಹುಡುಗ ಒಬ್ಬನೇ ರಸ್ತೆ ದಾಟಿದ. ಕಾಲು ತೊಳೆದುಕೊಂಡ, ಹಿಮ್ಮಡಿಯನ್ನೂ ಮರೆಯದೆ. ಸ್ಲೇಟಿನ ಮೇಲೆ ಮಡಿಸಿದ ಒದ್ದೆಬಟ್ಟೆ ಇತ್ತು. ಅದನ್ನು ಕಂಡು ಮೇಷ್ಟರ ಎದೆ ತುಂಬಿ ಬಂತು. ಬಾ ಎಂದು ಕರೆದು, ಎಲ್ಲರಿಗೂ ಕಾಣುವಂತೆ, ಒಳಬರುವ ಪ್ರತಿ ಮಗುವನ್ನೂ ಹೀಗೆಯೇ ನೋಡುವುದು ಎಂದು ತೀರ್ಮಾನಿಸಿದ್ದಂತೆ, ಕೈಯ ಹಿಂಬದಿಯನ್ನು ಅವನ ಕತ್ತಿಗೆ ಇಟ್ಟ. ಹುಡುಗ ಒಂದು ಕ್ಷಣ ಹೆಗಲು ಕುಗ್ಗಿಸಿ, ಎರಡೂ ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡ. ಕತ್ತು ತಣ್ಣಗಿತ್ತು, ಹೊಸ ಮಡಕೆಯಷ್ಟು ತಣ್ಣಗೆ.

"ಜ್ವರ ಇಲ್ಲ. ಒಳಗೆ ಹೋಗಪ್ಪ" ಎಂದ.

ಹುಡುಗ ಹೋಗಲಿಲ್ಲ. ಮೇಷ್ಟರ ಕೈಯನ್ನು ನೋಡಿದ, ಮುಖ ನೋಡಿದ, ಹಿಂತಿರುಗಿ ಅಜ್ಜಿಯನ್ನು ನೋಡಿದ. "ಸಾ" ಎಂದ. ಮತ್ತೆ "ಸಾ" ಎಂದ. "ನಿಮ್ ಕೈ ಸುಡ್ತಾ ಅದೆ. ನಿಮ್ಗೆ ಜ್ವರ ಸಾ."

ಇಲ್ಲ, ಬಿಸಿಲಿಗೆ ನಿಂತಿದ್ದೆ, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಿಸಿಲು ಇನ್ನೂ ಹಂಚಿನಿಂದ ಕೆಳಗೆ ಇಳಿದಿರಲಿಲ್ಲ. ಹುಣಸೆಮರದ ಕೆಳಗೆ ಮಾತು ನಿಂತಿತ್ತು, ಹುಡುಗ ಹೇಳಿದ್ದು ಅಲ್ಲಿಗೆ ಕೇಳಿಸಿತೋ ಇಲ್ಲವೋ. ಈಗ ಒಂದು ಗದರಿಕೆ ಸಾಕು, ಎಲ್ಲ ತಾನು ಎಣಿಸಿದಂತೆ ನಡೆಯುತ್ತದೆ, ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ, ತಾನು ಒಬ್ಬೊಬ್ಬರ ಕತ್ತನ್ನೂ ಮುಟ್ಟುತ್ತ ಹೋಗಬಹುದು. ಈ ಕೈಗೆ ಯಾರ ಮೈಯೂ ಬಿಸಿ ಎನ್ನಿಸುವುದಿಲ್ಲ, ಜ್ವರದ ಮಗುವೂ ತಣ್ಣಗೇ ತಾಗುತ್ತದೆ ಎಂಬುದು ಆಗ ಸದಾಶಿವಪ್ಪನಿಗೆ ಹೊಳೆಯಿತು. ಹುಡುಗ ಇನ್ನೂ ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡೇ ನಿಂತಿದ್ದ. ಇದೇ ಶಾಲೆಯಲ್ಲಿ ಒಮ್ಮೆ ನಿಜ ಹೇಳಿ ಪೆಟ್ಟು ತಿಂದವನು, ಮತ್ತೆ ನಿಜ ಹೇಳಿ ಕಾಯುತ್ತಿದ್ದ. ಪೆಟ್ಟು ಬೀಳಬಹುದು ಎಂದು ಗೊತ್ತಿದ್ದೂ ಹೇಳಿದ್ದ. ಈ ಧೈರ್ಯ ತನಗೆ ನಿನ್ನೆ ಅವನ ಮನೆಯ ಬಾಗಿಲಲ್ಲಿ ಇರಲಿಲ್ಲವಲ್ಲ.

ಸದಾಶಿವಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಊರಿಗೆಲ್ಲ ಕಾಣುವಂತೆ ತನ್ನ ಬಲತೋಳನ್ನು ಮೇಲಕ್ಕೆತ್ತಿದ. "ನೋಡು, ಈರುಳ್ಳಿ ಇದೆಯಾ?" ಎಂದ.

ಹುಡುಗ ಬೆಕ್ಕಸಬೆರಗಾಗಿ ನಿಂತ. ಆಮೇಲೆ, ಹೇಳಿದ ಕೆಲಸ ಮಾಡುವ ಹುಡುಗನಾದ್ದರಿಂದ, ಇದ್ದಲ್ಲಿಂದಲೇ ತುದಿಗಾಲಲ್ಲಿ ನಿಂತು, ಕತ್ತು ಚಾಚಿ, ಮೇಷ್ಟರ ಅಂಗಿಯ ಕಂಕುಳನ್ನು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದ. ಡಾಕ್ಟರೂ ಅಷ್ಟು ಗಂಭೀರವಾಗಿ ನೋಡಿರಲಾರ. "ಇಲ್ಲ ಸಾ" ಎಂದ. ಹುಣಸೆಮರದ ಕಡೆ ತಿರುಗಿ ಕೂಗಿದ. "ಈರುಳ್ಳಿ ಇಲ್ಲ ಕಣಜ್ಜೀ, ದಿಟವಾದ ಜ್ವರ!"

ಮಾದಣ್ಣ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ಮಕ್ಕಳು ಬಿದ್ದು ಬಿದ್ದು ನಕ್ಕವು. ತೋಳು ಎತ್ತಿಕೊಂಡೇ ನಿಂತಿದ್ದ ಸದಾಶಿವಪ್ಪ ಆ ನಗು ಮುಗಿಯುವವರೆಗೂ ತೋಳು ಇಳಿಸಲಿಲ್ಲ. "ಅವತ್ತು ನಿನ್ನ ಹತ್ತಿರವೂ ಇರಲಿಲ್ಲ" ಎಂದು ಗಟ್ಟಿಯಾಗಿಯೇ ಹೇಳಿದ. "ನಿನ್ನದೂ ದಿಟವಾದ ಜ್ವರ. ನನಗೆ ಗೊತ್ತಿತ್ತು, ಗೊತ್ತಿದ್ದೂ ಹೊಡೆದೆ. ತಪ್ಪು ಮಾಡಿದೆ ಕಣಪ್ಪ." ಹುಡುಗ ನಾಚಿಕೊಂಡು ಸ್ಲೇಟಿನ ಮೂಲೆಯನ್ನು ಉಗುರಿನಿಂದ ಕೆರೆದ. ಕೆಂಪಾಜಮ್ಮ ಸೆರಗು ತೆಗೆದು ಮೂಗು ಒರೆಸಿಕೊಂಡಳು.

"ಅಂಗಾರೆ ಇವತ್ ಇಸ್ಕೂಲ್ ಇಲ್ವಾ ಸಾ?" ಎಂದು ಮಾದಣ್ಣ ಅಲ್ಲಿಂದಲೇ ಕೇಳಿದ.

"ಇಲ್ಲಪ್ಪ. ನನಗೆ ಬಿಟ್ಟ ಮೇಲೆ. ಎಲ್ಲರೂ ಕ್ಷಮಿಸಬೇಕು, ಕರೆಸಿ ನಿಲ್ಲಿಸಿದೆ." ತಾನು ಇಷ್ಟು ದಿನ ಕಟ್ಟಿದ್ದೆಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೇ ಬೀಗಕ್ಕೆ ಕೈ ಹಾಕಿದ.

ಮಾದಣ್ಣ ಹನುಮಯ್ಯನ ಮುಖ ನೋಡಿದ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ತಳ್ಳಿ ಹೇಳಿದ. "ನಿಮ್ ಜ್ವರಕ್ಕೇ ಬಾಗ್ಲು ಆಕಳೋರು ನಮ್ಮಕ್ಳ ಜ್ವರಕ್ಕೆ ತೆಗ್ದೀರಾ? ಓಗಿ ಮಲೀಕಳಿ ಸಾ. ನೀವ್ ಎದ್ ದಿನ ಎಲ್ಲಾನೂ ಕಳುಸ್ತೀವಿ. ಸ್ಲೇಟಿಗ್ ಉಗುಳ್ದಂಗೆ ಯೋಳ್ಕೊಟ್ಟೇ ಕಳುಸ್ತೀವಿ." ಹೆಂಗಸರು ತಲೆಯಾಡಿಸಿದರು. ಗೋಣಿ ಚೊಂಬುಗಳ ಜೊತೆ ಮಕ್ಕಳು ಸಂತೆಗೆ ಹೊರಟವರ ಹಾಗೆ ಗದ್ದಲ ಮಾಡುತ್ತ ಚದುರಿದವು.

ಸದಾಶಿವಪ್ಪ ಮೆಟ್ಟಿಲಿಳಿದು, ಯಾರಿಗೂ ತಾಗದಂತೆ ಬೇಲಿಯ ಪಕ್ಕಕ್ಕೆ ಮನೆಯ ಕಡೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿ ತಿರುಗಿದ. ಪುಟ್ಟಸಿದ್ದಯ್ಯ ಅಷ್ಟು ದೂರದಲ್ಲೇ, ಒಂದು ಚೌಕದಷ್ಟು ಅಂತರ ಬಿಟ್ಟು, ನಿಂತಿದ್ದ. ಏನೋ ಹೇಳಬೇಕಾಗಿತ್ತು ಅವನಿಗೆ, ಶಾಲೆಯ ಒಳಗಿನ ವಿಷಯ ಗೊತ್ತಿಲ್ಲದ ಹೊಸ ಹುಡುಗನಿಗೆ ಹೇಳುವ ಹಾಗೆ ಹೇಳಿದ.

"ಜ್ವರ ಬುಟ್ ಮ್ಯಾಲೆ ಬನ್ನಿ ಸಾ. ಯಾರೂ ಒಡೆಯಕಿಲ್ಲ."

ಹೇಳಿ ಓಡಿಹೋದ. ಮನೆಯ ಬಾಗಿಲಲ್ಲಿ ಚನ್ನಮಲ್ಲಮ್ಮ ಸೊಂಟಕ್ಕೆ ಕೈಯಿಟ್ಟು ಕಾದಿದ್ದಳು. ಬೈಯಲು ಬಾಯಿ ತೆರೆದವಳು ಗಂಡನ ಮುಖ ನೋಡಿ ನಿಲ್ಲಿಸಿದಳು. "ಕಣ್ಣಲ್ಲಿ ನೀರು ಸುರೀತಾ ಅದಲ್ಲ, ಏನಾಯ್ತು?" ಎಂದಳು. "ಜ್ವರ" ಎಂದ ಸದಾಶಿವಪ್ಪ. ಅವಳು ಮುಟ್ಟಿ ನೋಡಲಿಲ್ಲ, ನಂಬಿದಳು, ಒಳಗೆ ಹೋಗಿ ಚಾಪೆ ಹಾಸಿದಳು.